ಕನ್ನಡಿಯಿಲ್ಲದ ಕೊಳವೆ

“ಮುಟ್ಟಬೇಡಿ ಅಕ್ಕಾ, ಸಾಹೇಬ್ರು ನನ್ನ ಚರ್ಮ ಸುಲೀತಾರೆ!”

“ಎಲ್ಲಪ್ಪ ಮುಟ್ಟಿದೀನಿ? ಎತ್ಕೊಂಡಿದೀನಿ ಅಷ್ಟೆ.”

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಹಣೆ ಚಚ್ಚಿಕೊಂಡ. ವಿಮೆ ಅಕ್ಕ ಅದನ್ನು ಕಂಡೂ ಕಾಣದವಳಂತೆ ಕೈಯಲ್ಲಿದ್ದ ಗಾಜಿನ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಟ್ಟೆಯಷ್ಟು ಅಗಲ, ಹೆಬ್ಬೆರಳಿನಷ್ಟು ದಪ್ಪ, ನಡುವೆ ಇದ್ದೂ ಇಲ್ಲದಷ್ಟು ತಗ್ಗು. ಆಚೆ ನಿಂತ ಕಾನ್‌ಸ್ಟೇಬಲ್ಲನ ಮೀಸೆ ಬಿಲ್ಲೆಯೊಳಗಿಂದ ಸಣ್ಣಗಾಗಿ ಕಂಡಿತು.

ಕಾಣಬಾರದಿತ್ತು. ಕನ್ನಡಿಯ ಆಚೆ ನಿಂತವರ ಮೀಸೆ ಕಾಣುತ್ತದೆಯೆಂದರೆ ಅದು ಸದ್ಯಕ್ಕೆ ಕನ್ನಡಿಯಲ್ಲ.

ಅದು ಗಾಜಜ್ಜನ ಕಾರ್ಖಾನೆ. ಕಾರ್ಖಾನೆ ಎಂಬುದು ಅಜ್ಜನ ಬಾಯಿಮಾತು. ಇದ್ದದ್ದು ಒಂದೇ ಕೋಣೆ, ನಡುವೆ ಒಂದು ಪೀಪಾಯಿ. ಪೀಪಾಯಿಯ ಮೇಲೆ ಗಾಜಿಟ್ಟು, ಮರಳುಪುಡಿ ಹಾಕಿ, ಸುತ್ತ ನಡೆಯುತ್ತ ಉಜ್ಜಬೇಕು. ನಡೆದು ನಡೆದು ಪೀಪಾಯಿಯ ಸುತ್ತ ಸಿಮೆಂಟು ನೆಲವೇ ಬಳೆಯಂತೆ ಸವೆದಿತ್ತು. ಆಕಾಶ ನೋಡುವ ಊರಿನ ಹುಚ್ಚರಿಗೆಲ್ಲ ಟೆಲಿಸ್ಕೋಪಿನ ಕನ್ನಡಿ ಮಾಡಿಕೊಟ್ಟ ಆ ಮನುಷ್ಯ ಈಗ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಇದೇ ಮನೆಯ ತಾರಸಿಯಿಂದ ಅವನನ್ನು ಯಾರೋ ಕೆಳಕ್ಕೆ ತಳ್ಳಿದ್ದರು. ತಳ್ಳಿದವನು ವಿಮೆ ಅಕ್ಕನ ಒಬ್ಬನೇ ತಮ್ಮ ಎಂದು ಕಣ್ಣಾರೆ ಕಂಡ ಗಣಿತದ ಮೇಷ್ಟ್ರು ಸಾಕ್ಷಿ ಹೇಳಿಯಾಗಿತ್ತು. ಇವತ್ತು ಸಂಜೆ ಅವನನ್ನು ಜೈಲಿಗೆ ಕಳಿಸುವವರಿದ್ದರು.

ಅಕ್ಕ ಬಿಲ್ಲೆಯ ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಉಗುರಿನಷ್ಟು ಚಕ್ಕೆ ಎದ್ದಿತ್ತು.

ಅವಳ ಬೆರಳು ಅಲ್ಲೇ ನಿಂತಿತು.

ತಕ್ಷಣ ಅವಳು ಕತ್ತು ಉದ್ದ ಮಾಡಿ, ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿ, ಗಣಿತದ ಮೇಷ್ಟ್ರ ಗಂಟಲನ್ನೇ ಕದ್ದು ತಂದವಳಂತೆ ಶುರು ಮಾಡಿದಳು: “ನೋಡಿ ಮಹನೀಯರೇ, ನನ್ನ ಕನ್ನಡಿಯ ಅಂಚಲ್ಲಿ ಚಕ್ಕೆ ಎದ್ದಿದೆ. ಆದರೆ ಚಂದ್ರನಿಗೇನಾದರೂ ನೋವಾಯಿತೇ? ಇಲ್ಲ! ಇದು ಕನ್ನಡಿ ಸ್ವಾಮೀ, ಮದುವೆಮನೆ ಪಾತ್ರೆಯಲ್ಲ!”

ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. “ಅಯ್ಯೋ, ಥೇಟ್ ಮೇಷ್ಟ್ರೇ! ನಮ್ಮ ಸ್ಟೇಷನ್ನಿಗೆ ಬಂದಾಗ್ಲೂ ಹಿಂಗೇ ಭಾಷಣ ಬಿಗಿದ್ರು.”

“ಒಂದು ವಿಷ್ಯ ಹೇಳಪ್ಪ. ಈ ರೂಮಿಗೆ ಬೀಗ ಬಿದ್ದಿದ್ದು ಯಾವಾಗ?”

“ಅಜ್ಜ ಬಿದ್ದ ಸಂಜೆನೇ. ನಾನೇ ಹಾಕಿದ್ದು. ಕೀಲಿಕೈ ನನ್ನ ಹತ್ರಾನೇ.”

“ಆಮೇಲೆ ಒಳಗಡೆ ಏನಾದ್ರೂ ಬಂತಾ?”

“ನೊಣ ಸಹ ಬಂದಿಲ್ಲಕ್ಕಾ.”

ಅಕ್ಕ ಬಿಲ್ಲೆಯನ್ನು ಮಗುವಿನಂತೆ ಬಟ್ಟೆ ಸುತ್ತಿ ಮೊದಲಿದ್ದ ಕಡೆಯೇ ಮಲಗಿಸಿದಳು. ವಿಮಾ ಕಚೇರಿಯಲ್ಲಿ ಕೂದಲು ಹಣ್ಣಾಗುವ ತನಕ ಅವಳು ಮಾಡಿದ ಕೆಲಸ ಒಂದೇ: ಸುಟ್ಟ ಅಂಗಡಿ ತಾನಾಗಿ ಸುಟ್ಟದ್ದೋ, ಸುಡಿಸಿದ್ದೋ ಎಂದು ಮೂಸಿ ನೋಡುವುದು. ಇಲ್ಲಿ ಹೊಗೆ ಇರಲಿಲ್ಲ. ಆದರೂ ಮೂಗು ಅರಳಿತು.

“ನಿಮ್ಮ ಸಾಹೇಬ್ರಿಗೆ ಫೋನ್ ಮಾಡು. ನಮ್ಮ ಸಂಘದ ರೂಮಿಗೆ ಬರೋಕ್ಕೆ ಹೇಳು. ನನ್ನ ತಮ್ಮನ್ನೂ ಕರ್ಕೊಂಡು ಬರ್ಲಿ. ನಕ್ಷತ್ರ ತೋರಿಸ್ತೀನಿ ಅಂತ ಹೇಳು.”

“ಮಟಮಟ ಮಧ್ಯಾಹ್ನ ನಕ್ಷತ್ರ ಎಲ್ಲಿ ಬರುತ್ತಕ್ಕಾ?”

“ಕೆಲವ್ರಿಗೆ ಮಧ್ಯಾಹ್ನಾನೇ ಕಾಣೋದು.”

*

ಆಕಾಶ ವೀಕ್ಷಕರ ಸಂಘದ ಕೋಣೆ ಬಯಲಿನ ಈಚೆ ಬದಿಯ ಕಟ್ಟಡದ ತುದಿಮಹಡಿಯಲ್ಲಿತ್ತು. ದೊಡ್ಡ ಕಿಟಕಿಯಿಂದ ನೋಡಿದರೆ ಬಯಲಿನಾಚೆ ಗಾಜಜ್ಜನ ಮನೆಯ ತಾರಸಿ. ಅದಕ್ಕೆ ಅಂಟಿಕೊಂಡೇ ವಿಮೆ ಅಕ್ಕನ ಮನೆ. ಬರಿಗಣ್ಣಿಗೆ ಅಲ್ಲಿ ನಿಂತವನು ಮನುಷ್ಯನೋ ಒಣಹಾಕಿದ ಅಂಗಿಯೋ ಗೊತ್ತಾಗದಷ್ಟು ದೂರ.

ಕಿಟಕಿಯ ಬಳಿ ಎರಡು ಟೆಲಿಸ್ಕೋಪುಗಳಿದ್ದವು. ಅವುಗಳಿಗೆ ಬಾಯಿ ಇದ್ದಿದ್ದರೆ ಒಂದನ್ನೊಂದು ಮಾತಾಡಿಸುತ್ತಿರಲಿಲ್ಲ.

ಮೊದಲನೆಯದು ಮೇಷ್ಟ್ರದು. ನೀರಿನ ಪೈಪಿನಂಥ ಭಾರೀ ಕೊಳವೆ, ಹಲಗೆಯ ಪೀಠದ ಮೇಲೆ ಕೂತು ಗಿರಗಿರ ತಿರುಗುತ್ತದೆ. ಬುಡದಲ್ಲಿ ದೊಡ್ಡ ಕನ್ನಡಿ ಬೆಳಕನ್ನು ಹಿಡಿದು ಮೇಲಕ್ಕೆಸೆದರೆ, ಬಾಯಿಯ ಹತ್ತಿರದ ಪುಟ್ಟ ಓರೆಕನ್ನಡಿ ಅದನ್ನು ಪಕ್ಕದ ಕಣ್ಣುಗಾಜಿಗೆ ದಾಟಿಸುತ್ತದೆ. ಎರಡನೆಯದು ಕಣ್ಣಿನ ಡಾಕ್ಟರಮ್ಮನದು. ಬಿಳಿ ಬಣ್ಣದ ಸಪೂರ ಕೊಳವೆ, ಮುಂದೆ ಮಸೂರ, ಹಿಂದೆ ಕತ್ತು ನೋಯದಿರಲೆಂದು ಮೊಣಕೈಯಂತೆ ಬಾಗಿದ ತುಂಡು, ಅದರ ತುದಿಗೆ ಕಣ್ಣುಗಾಜು. ಮೂರು ಕಾಲಿನ ಮೇಲೆ ಕೊಕ್ಕರೆಯಂತೆ ನಿಂತಿತ್ತು.

“ಅಕ್ಕಾ, ನಿಮ್ಮ ಮೂಗಿನ ಮೇಲೆ ಗೌರವ ಇದೆ,” ಎಂದರು ಇನ್‌ಸ್ಪೆಕ್ಟರು, ಗೌರವದ ಗುರುತೇ ಇಲ್ಲದ ದನಿಯಲ್ಲಿ. “ಆದ್ರೆ ನಂಗೆ ಬೇರೆ ಕೆಲ್ಸನೂ ಇದೆ.”

ಅವರ ಪಕ್ಕದ ಬೆಂಚಿನಲ್ಲಿ ತಮ್ಮ ಕೂತಿದ್ದ. ಎರಡು ಕೈಗೂ ಬೇಡಿ. ಊರಿನವರು ಅವನನ್ನು ಕರೆಯುತ್ತಿದ್ದದ್ದೇ ಎಡಚ ಎಂದು. ಸಂಘದಲ್ಲಿ ಎಡಗೈಯವನು ಅವನೊಬ್ಬನೇ.

“ತಿಂದ್ಯೇನೋ?” ಅಕ್ಕ ಕೇಳಿದಳು.

“ಹೂಂ. ಬಲಗೈಲಿ ತಿಂದೆ. ಅಮ್ಮ ಅವತ್ತು ಸೌಟಲ್ಲಿ ಹೊಡೆದಾಗ್ಲೇ ಕಲ್ತಿದ್ರೆ ಇವತ್ತು ಇಲ್ಲಿ ಕೂರ್ತಿರ್ಲಿಲ್ಲ, ಅಲ್ವೇನಕ್ಕಾ?”

ಅವನು ನಕ್ಕ. ಅಕ್ಕನಿಗೆ ನಗು ಬರಲಿಲ್ಲ.

ತಮ್ಮನ ಬಾಯಿಯೇ ಅವನಿಗೆ ಉರುಳಾಗಿತ್ತು. ಅವನು ತನ್ನ ಅಂಗಡಿಯಲ್ಲಿ ಬಣ್ಣದ ಡಬ್ಬಿಯ ಟೆಲಿಸ್ಕೋಪು ಮಾರುತ್ತಿದ್ದ. ಡಬ್ಬಿಯ ಮೇಲೆ ‘ಐನೂರು ಪಟ್ಟು ದೊಡ್ಡದು’ ಎಂದು ಬರೆದಿರುತ್ತಿತ್ತು. ಹೋದ ಸಭೆಯಲ್ಲಿ ಗಾಜಜ್ಜ ಅದರಲ್ಲೊಂದನ್ನು ಎಲ್ಲರೆದುರು ಬಿಚ್ಚಿ ಹರಡಿ, “ಪಟ್ಟು ಕಟ್ಕೊಂಡು ಏನ್ ಮಾಡ್ತೀಯೋ? ಬೇಕಾಗಿದ್ದು ಬೆಳಕು. ಬಾಯಿ ಅಗಲ ಇದ್ರೆ ಬೆಳಕು. ಮಂಜನ್ನ ಐನೂರು ಪಟ್ಟು ಹಿಗ್ಗಿಸಿದ್ರೆ ಐನೂರು ಪಟ್ಟು ಮಂಜು! ಕಾಲೋ, ಗಾಳಿಗೆ ಗಡಗಡ. ಮಕ್ಕಳು ಒಂದ್ಸಲ ನೋಡಿ ಆಕಾಶದ ಆಸೇನೇ ಬಿಟ್ಬಿಡ್ತಾವೆ, ಪಾಪಿ,” ಎಂದಿದ್ದ. ತಮ್ಮ ಕೆಂಡವಾಗಿ, “ಮುದುಕಾ, ನಿನ್ನ ತಾರಸಿಯಿಂದ ತಳ್ಳಿಬಿಡ್ತೀನಿ,” ಎಂದು ಕೂಗಿದ್ದ. ಸಿಟ್ಟಲ್ಲಿ ನಾವೆಲ್ಲ ಏನೇನೋ ಹೇಳುತ್ತೇವೆ. ಆದರೆ ಹೇಳಿದ್ದನ್ನೇ ಬೇರೆ ಯಾರೋ ಮಾಡಿಟ್ಟರೆ?

ಅದರ ಮೇಲೆ ಮೇಷ್ಟ್ರ ಸಾಕ್ಷಿ, ಇದೇ ಕಿಟಕಿಯಿಂದ, ಸ್ವಂತ ಟೆಲಿಸ್ಕೋಪಿನಲ್ಲಿ ಕಂಡದ್ದೆಂದು. ಬೂದು ಬಣ್ಣದ ಕೋಟು, ಕಿವಿ ಮುಚ್ಚುವ ಟೋಪಿ, ಬೆನ್ನು ಈ ಕಡೆ, ಎಡಗೈಯಿಂದ ಒಂದೇ ನೂಕು. ಕೋಟು ಟೋಪಿ ಎರಡೂ ತಮ್ಮನವೇ. ಅಕ್ಕನ ಮನೆಯ ಬಾಗಿಲ ಹಿಂದೆ ಮೊಳೆಗೆ ಸದಾ ನೇತಾಡುತ್ತಿದ್ದವು.

“ಅವ್ನು ಒಳಗೆ ಹೋದ್ರೆ ನಮ್ಮನೇಲಿ ಮಹಡಿ ರೂಮು ಖಾಲಿ ಆಗುತ್ತೆ, ಅದೊಂದು ಲಾಭ,” ಎಂದ ಹಿಂದಿನ ಕುರ್ಚಿಯಲ್ಲಿದ್ದ ಅಕ್ಕನ ಗಂಡ.

ಆತನನ್ನು ಎಲ್ಲರೂ ಬೈನಾಕ್ಯುಲರ್ ಭಾವ ಎನ್ನುತ್ತಿದ್ದರು. ಕತ್ತಿಗೆ ಬೈನಾಕ್ಯುಲರ್ ಇಲ್ಲದೆ ಆತನನ್ನು ಕಂಡವರಿಲ್ಲ. ದೇವರು ಎರಡು ಕಣ್ಣು ಕೊಟ್ಟಿರುವಾಗ ಒಂದನ್ನು ಮುಚ್ಚಿ ಕೊಳವೆಯಲ್ಲಿ ಇಣುಕುವುದು ಅವಮಾನ ಎಂಬುದು ಆತನ ವಾದ. ಮೂವತ್ತು ವರ್ಷದ ಸಂಸಾರದಲ್ಲಿ ಆತ ಎರಡೂ ಕಣ್ಣು ತೆರೆದು ಅಕ್ಕನನ್ನು ನೋಡಿದ್ದು ಕಡಿಮೆ. ಅದು ಬೇರೆ ಮಾತು.

“ಭಾವ, ನಿಮ್ಮ ಜೋಕು ನಿಮ್ಮ ಬೈನಾಕ್ಯುಲರ್ ಥರಾನೇ,” ತಮ್ಮ ಬೆಂಚಿನಿಂದಲೇ ಹೇಳಿದ. “ಹಗುರ, ಜೇಬಿಗೆ ಬರುತ್ತೆ. ದೂರ ಹೋಗಲ್ಲ.”

“ಇನ್ನು ನೀನು ದೂರ ಹೋಗ್ತೀಯಲ್ಲ, ಅಲ್ಲಿಂದ ಹೇಳು ಹೆಂಗಿದೆ ಅಂತ.”

“ಸಾಕು!” ಅಕ್ಕ ಗದರಿದಳು. ಆಮೇಲೆ ತಾನೇ ಹೋಗಿ ಮೇಷ್ಟ್ರ ಕೊಳವೆಯ ಮೈ ಸವರಿದಳು. “ಸಾಹೇಬ್ರೇ, ಒಂದೇ ಒಂದು ಸಣ್ಣ ಪರೀಕ್ಷೆ. ಆ ತಾರಸಿ ಮೇಲೆ ಒಬ್ರು ನಿಲ್ಲಲಿ. ಒಂದು ಕೈ ಎತ್ತಲಿ. ಯಾವ ಕೈ ಅಂತ ಮೇಷ್ಟ್ರು ಇಲ್ಲಿಂದ ನೋಡಿ ಹೇಳ್ಲಿ. ಸರಿಯಾಗಿ ಹೇಳಿದ್ರೆ ನನ್ನ ತಮ್ಮನ್ನ ಕರ್ಕೊಂಡು ಹೋಗಿ. ನಾನೇ ಗಾಡಿ ಬಾಗಿಲು ತೆಗೀತೀನಿ.”

ಕೋಣೆಯಲ್ಲಿದ್ದ ಸಂಘದವರೆಲ್ಲ ಮೇಷ್ಟ್ರ ಕಡೆ ತಿರುಗಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಪರೀಕ್ಷೆ ಮಾಡೋದು ನನ್ನ ಕಸುಬು. ಕೊಡೋದು ಅಭ್ಯಾಸ ಇಲ್ಲ.”

“ಎಲ್ಲಾ ಮೇಷ್ಟ್ರುಗಳ ಕಷ್ಟಾನೂ ಅದೇ,” ಎಂದರು ಕಣ್ಣಿನ ಡಾಕ್ಟರಮ್ಮ.

“ನೀವು ಸುಮ್ನಿರಿ ಡಾಕ್ಟ್ರೇ. ಆ ನಿಮ್ಮ ಆಟಿಕೆ ಇಟ್ಕೊಂಡು...”

“ಆಟಿಕೆ? ನಂದು ಅಲ್ಲಾಡಿಸಿದ್ರೂ ಕೆಡಲ್ಲ ಮೇಷ್ಟ್ರೇ. ನಿಮ್ದು ಗಾಡಿಲಿ ತಂದು ಇಳಿಸೋಷ್ಟರಲ್ಲಿ ಕನ್ನಡಿ ಒಂದು ಕಡೆ, ನೀವೊಂದು ಕಡೆ. ಸ್ಕ್ರೂ ತಿರುಗಿಸ್ತಾ ತಿರುಗಿಸ್ತಾ ಚಂದ್ರ ಮುಳುಗಿರ್ತಾನೆ.”

“ಬಾಯಿ ಇಷ್ಟಗಲ ಇದೆ ಅಂತ ಲೆನ್ಸಿನವರು ಮಾತಾಡಬಾರದು! ನಿಮ್ಮದಕ್ಕೆ ಕೊಟ್ಟ ದುಡ್ಡಿಗೆ ನನ್ನಂಥವು ನಾಲ್ಕು ಬರ್ತವೆ. ಮಸುಕು ನೀಹಾರಿಕೆ ತೋರಿಸಿ ನೋಡೋಣ ಅದರಲ್ಲಿ!”

“ನೋಡೋದಕ್ಕೆ ನೀಹಾರಿಕೆ ಅಲ್ಲ ಸ್ವಾಮಿ, ತಾರಸಿ!” ಇನ್‌ಸ್ಪೆಕ್ಟರು ಮೇಜು ಕುಟ್ಟಿದರು. “ಯಾರ್ರೀ ಹೋಗ್ತೀರ ಅಲ್ಲಿಗೆ?”

“ನಾನೇ ಹೋಗ್ತೀನಿ,” ಎಂದು ಬೈನಾಕ್ಯುಲರ್ ಭಾವ ಎದ್ದ. “ಹೆಂಗೂ ಪಕ್ಕದಲ್ಲೇ ಮನೆ. ಹಂಗೇ ಮಲಗೋಕ್ಕೂ ಆಗುತ್ತೆ.”

ಅಕ್ಕ ಮೆಟ್ಟಿಲಿನ ತನಕ ಗಂಡನ ಹಿಂದೆ ಹೋದಳು. ದನಿ ತಗ್ಗಿಸಿ, “ಕೈ ಎತ್ತಬೇಡಿ. ಯಾವ ಕೈನೂ ಬೇಡ. ಕುರ್ಚಿ ಹಾಕ್ಕೊಂಡು ಸುಮ್ನೆ ಕೂತ್ಕೊಳ್ಳಿ,” ಎಂದಳು.

“ಏನೂ ಮಾಡದೆ ಕೂರೋದಾ? ಇಷ್ಟು ವರ್ಷಕ್ಕೆ ಮೊದಲ್ನೇ ಸಲ ನಂಗೆ ಬರೋ ಕೆಲ್ಸ ಹೇಳಿದೀಯ ನೋಡು.”

*

ಕಾನ್‌ಸ್ಟೇಬಲ್ಲನ ಫೋನು ಗುಣುಗುಟ್ಟಿತು. ಭಾವ ತಾರಸಿಯಲ್ಲಿದ್ದ.

ಮೇಷ್ಟ್ರು ಕೊಳವೆಯ ಮುಚ್ಚಳ ತೆಗೆದರು. ಪೀಠದ ಮೇಲೆ ಅದನ್ನು ಬಯಲಿನಾಚೆಗೆ ತಿರುಗಿಸಿದರು. ಬಾಗಿ ಕಣ್ಣಿಟ್ಟರು. ಬಲಗೈ ತಾನಾಗಿ ಹೋಗಿ ಫೋಕಸ್ಸಿನ ತಿರುಪು ಹಿಡಿಯಿತು. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಆ ಕೈಗೆ ನಾಚಿಕೆ ಗೊತ್ತಿರಲಿಲ್ಲ. ಅದರ ಪಾಡಿಗೆ ಅದು ನಾಟಕವಾಡುತ್ತಿತ್ತು.

ಇನ್‌ಸ್ಪೆಕ್ಟರು ಬೆರಳು ಮಡಿಸುತ್ತ ಕಾದರು. ಅಕ್ಕ ಕೊಳವೆಯ ಬುಡದ ಕಡೆಗೆ ಸರಿದಳು.

“ಕಾಣ್ತಿದೆಯಾ ಮೇಷ್ಟ್ರೇ?”

“ಹಾಂ... ಕಾಣದೆ ಏನು? ಸ್ಫಟಿಕ! ತಲೆಕೆಳಗಾಗಿದಾರೆ, ಅದು ಕನ್ನಡಿ ಕೊಳವೆಯ ಸ್ವಭಾವ. ಆಕಾಶದಲ್ಲಿ ಮೇಲೆ ಕೆಳಗೆ ಯಾರಿಗೆ ಬೇಕು?”

“ನಮ್ಮೆಜಮಾನ್ರೇನಾ?”

“ಅವರೇ. ಬೈನಾಕ್ಯುಲರ್ ನೇತಾಡ್ತಿದೆ. ಅಂಗಿ ಗುಂಡಿ ಸಹ ಎಣಿಸಬಹುದು.”

“ಕೈ?”

ತಪ್ಪು ಉತ್ತರ ಬರೆದ ಹುಡುಗನ ಮುಖ ಮೇಷ್ಟ್ರು ಎಷ್ಟು ನೋಡಿರಲಿಲ್ಲ! ತಮ್ಮದೇ ಮುಖ ಈಗ ಹೇಗಿದೆಯೆಂದು ಅವರಿಗೆ ಗೊತ್ತಿದ್ದಿರಲಾರದು.

“ಎಡಗೈ. ಎತ್ತಿ ನಿಂತಿದಾರೆ.”

“ಬೀಸ್ತಿದಾರಾ?”

“ಬೀಸ್ತಿದಾರೆ.”

“ಈಗ?” ಎಂದಳು ಅಕ್ಕ. ಕೊಳವೆಯ ಬುಡಕ್ಕೆ ಧೂಳು ಹೋಗದಂತೆ ಇಳಿಬಿಟ್ಟ ಬಟ್ಟೆಯನ್ನು ಸರಕ್ಕನೆ ಸರಿಸಿ, ಮೊಣಕೈ ತನಕ ತನ್ನ ಕೈಯನ್ನು ಒಳಕ್ಕೆ ತೂರಿಸಿ, ಐದು ಬೆರಳನ್ನೂ ಕುಣಿಸಿದಳು.

ಕೊಳವೆಯ ಒಳಗೆ ಕನ್ನಡಿ ಇರಲಿಲ್ಲ. ಕನ್ನಡಿ ಕೂರುವ ಜಾಗದಲ್ಲಿ ಮೂರು ಖಾಲಿ ತಿರುಪುಗಳು, ಅವುಗಳ ನಡುವೆ ವಿಮೆ ಅಕ್ಕನ ಬೆರಳುಗಳು.

ಮೊದಲು ಕಿಸಕ್ಕೆಂದದ್ದು ಕಾನ್‌ಸ್ಟೇಬಲ್. ಆಮೇಲೆ ಡಾಕ್ಟರಮ್ಮ. ಆಮೇಲೆ ಇಡೀ ಸಂಘ. ಯಾರೋ “ಗುಂಡಿ ಎಣಿಸಿ ಮೇಷ್ಟ್ರೇ!” ಎಂದರು. ಮತ್ತೊಬ್ಬರು “ಬಳೆ ಎಣಿಸಿ!” ಎಂದರು. ಬೆಂಚಿನಲ್ಲಿದ್ದ ತಮ್ಮ ಬೇಡಿಯ ಕೈಗಳಲ್ಲೇ ತೊಡೆ ಬಡಿದುಕೊಂಡ.

ಇನ್‌ಸ್ಪೆಕ್ಟರು ನಗಲಿಲ್ಲ. “ಭಾವ ಕೈ ಎತ್ತಿಲ್ವಾ?” ಎಂದರು.

“ಇಲ್ಲ. ಕುರ್ಚಿ ಮೇಲೆ ಕೂತಿದಾರೆ. ಇವ್ರ ಕನ್ನಡಿ ಗಾಜಜ್ಜನ ರೂಮಲ್ಲಿದೆ ಸಾಹೇಬ್ರೇ. ಗಾಜನ್ನ ಕನ್ನಡಿ ಮಾಡೋ ಹೊಳಪಿನ ಲೇಪ ಮಾಸಿತ್ತು, ಹೊಸ ಲೇಪಕ್ಕೆ ಕೊಟ್ಟಿದಾರೆ. ಅಜ್ಜ ಹಳೇದನ್ನ ತೊಳ್ದಿಟ್ಟಿದ್ದ. ಬರೀ ಗಾಜು. ಅಂಚಿನ ಚಕ್ಕೆ ನೋಡಿ ಗುರುತು ಹಿಡಿದೆ. ಅಜ್ಜ ಬಿದ್ದ ಸಂಜೆಯಿಂದ ಆ ರೂಮಿಗೆ ನಿಮ್ಮ ಬೀಗಾನೇ ಇದೆ. ಅಂದ್ರೆ ಇವ್ರು ‘ನನ್ನ ಟೆಲಿಸ್ಕೋಪಿನಲ್ಲಿ ಕಂಡೆ’ ಅಂದ್ರಲ್ಲ, ಆ ಹೊತ್ತಿಗೆ ಈ ಕೊಳವೆಯಲ್ಲಿ ಹಲ್ಲಿ ಸಂಸಾರ ಮಾಡಿತ್ತು.”

ನಗು ನಿಂತಿತು. ಯಾರ ಸಾಕ್ಷಿಯ ಮೇಲೆ ಒಬ್ಬ ಮನುಷ್ಯನ ಬಾಳು ನಿಂತಿದೆ ಎಂಬುದು ಈಗ ಎಲ್ಲರಿಗೂ ನೆನಪಾಯಿತು.

“ಸುಳ್ಳು ಸಾಕ್ಷಿ ಹೇಳಿದ್ರಾ?” ಇನ್‌ಸ್ಪೆಕ್ಟರ ದನಿ ಪೂರಾ ಬದಲಾಗಿತ್ತು.

“ನೋಡಿದ್ದು ಸುಳ್ಳಲ್ಲ,” ಮೇಷ್ಟ್ರು ಪೀಠ ಹಿಡಿದುಕೊಂಡು ನಿಂತಿದ್ದರು. “ತಳ್ಳಿದ್ದನ್ನ ನೋಡಿದೆ. ಎಡಗೈ. ಅದು ಸತ್ಯ.”

“ಯಾವ್ದ್ರಲ್ಲಿ ನೋಡಿದ್ರಿ? ಬರಿಗಣ್ಣಲ್ಲಾ?”

ಮೇಷ್ಟ್ರ ಕಣ್ಣು, ಬೇಡವೆಂದರೂ ಕೇಳದೆ, ಪಕ್ಕದ ಬಿಳಿ ಕೊಳವೆಯ ಕಡೆ ಹೋಗಿ ಬಂತು.

ಡಾಕ್ಟರಮ್ಮ ಅದನ್ನು ಹಿಡಿದುಬಿಟ್ಟರು. “ಓಹೋ! ನನ್ನ ಕಣ್ಣುಗಾಜಿನ ಮೇಲೆ ಎಣ್ಣೆ ಹತ್ತಿದ ರೆಪ್ಪೆ ಕೂದಲು ಅಂಟಿತ್ತು. ಯಾವ ರೋಗಿ ಬಂದು ಇಣುಕಿದ್ನೋ ಅಂತ ತೊಳ್ದಿಟ್ಟೆ. ಹೊದಿಕೆ ಬೇರೆ ತಿರುಗಾಮುರುಗಾ ಹೊದಿಸಿತ್ತು. ನೀವಾ ಮೇಷ್ಟ್ರೇ?”

“ಹಗಲು ಚಂದ್ರ ಇದ್ದ,” ಮೇಷ್ಟ್ರ ದನಿ ಕೆಳಗಿಳಿದಿತ್ತು. “ನನ್ನದು ಇರ್ಲಿಲ್ಲ. ಸುಮ್ನೆ ಒಂದ್ಸಲ ನೋಡೋಣ ಅಂತ... ನೋಡಿದೆ. ಆಮೇಲೆ ಆ ಕಡೆ ತಾರಸಿಗೆ ತಿರುಗಿಸಿದೆ.”

“ಹೆಂಗಿತ್ತು ಚಂದ್ರ?”

“ಚೆನ್ನಾಗಿತ್ತು.” ಆ ಒಂದು ಪದವನ್ನು ಅವರು ಹಲ್ಲು ಕೀಳಿಸಿಕೊಂಡವರಂತೆ ಹೊರಹಾಕಿದರು. “ಅದೇ ನನ್ನ ಕಷ್ಟ. ಅಂಚು ಕತ್ತರಿಸಿಟ್ಟ ಹಾಗೆ. ನನ್ನದರಲ್ಲಿ ಯಾವತ್ತೂ ಹಾಗೆ ಕಂಡಿಲ್ಲ.”

“ಹಾಗಂತ ಹೇಳ್ಬೇಕಿತ್ತಲ್ಲಾ ಸ್ಟೇಷನ್ನಲ್ಲಿ!”

“ಹೇಗೆ ಹೇಳ್ಲಿ? ಸಾಹೇಬ್ರು ‘ಯಾವುದರಲ್ಲಿ ನೋಡಿದ್ರಿ’ ಅಂತ ಕೇಳಿದಾಗ ಇಡೀ ಸಂಘ ನಿಂತಿತ್ತು. ಇವ್ರೂ ನಿಂತಿದ್ರು. ಲೆನ್ಸು ಶೋಕಿಲಾಲರ ಆಟಿಕೆ ಅಂತ ಊರೆಲ್ಲ ಸಾರಿದವನು ನಾನು. ನನ್ನ ಕನ್ನಡಿಗೆ ಮುಪ್ಪಿಲ್ಲ ಅಂತ ಕೊಚ್ಚಿಕೊಂಡವನು ನಾನು. ‘ಮಾಸಿದೆ, ಲೇಪಕ್ಕೆ ಹೋಗಿದೆ, ಅದಕ್ಕೇ ಕಳ್ಳನ ಹಾಗೆ ಡಾಕ್ಟ್ರಮ್ಮನ ಕೊಳವೆಯಲ್ಲಿ ಇಣುಕಿದೆ’ ಅನ್ನಲೇ? ಕೊಳವೆ ಯಾವುದಾದ್ರೇನು, ಕಂಡಿದ್ದು ಕಂಡಿದ್ದೇ ಅಂದ್ಕೊಂಡೆ.”

ತಮ್ಮ ಬೆಂಚಿನಿಂದ ಎದ್ದ. “ಮೇಷ್ಟ್ರೇ, ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ನಾನು ಜೈಲಿಗೆ ಹೋಗ್ಬೇಕಿತ್ತಾ?”

ಅಕ್ಕನ ಗಂಟಲಿಗೆ ಮೇಷ್ಟ್ರ ದನಿಯೇ ಬಂತು, ಆದರೆ ಈ ಸಲ ಯಾರೂ ನಗಲಿಲ್ಲ: “ಚಕ್ಕೆ ಎದ್ದರೂ ಚಂದ್ರನಿಗೆ ನೋವಾಗಲ್ಲ ಮಹನೀಯರೇ. ಪಕ್ಕದಲ್ಲಿದ್ದವನಿಗೆ ಆಗುತ್ತೆ.”

ಇನ್‌ಸ್ಪೆಕ್ಟರು ಕೈ ಎತ್ತಿದರು. “ಎಲ್ಲಾ ಸರಿ ಅಕ್ಕಾ. ಕೊಳವೆ ಬೇರೆ. ಆದ್ರೂ ಕಂಡಿದ್ದು ಎಡಗೈ ತಾನೆ? ಅದರಲ್ಲಿ ನೆಟ್ಟಗೇ ಕಾಣುತ್ತಂತಲ್ಲ?”

“ಡಾಕ್ಟ್ರೇ, ತೋರಿಸಿ,” ಎಂದಳು ಅಕ್ಕ.

ಡಾಕ್ಟರಮ್ಮ ಬಿಳಿ ಕೊಳವೆಯನ್ನು ಬಯಲಿನಾಚೆಯ ಔಷಧಿ ಅಂಗಡಿಯ ಫಲಕಕ್ಕೆ ಹಿಡಿದರು. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಟೋಪಿ ತೆಗೆದು ಮತ್ತೆ ನೋಡಿದರು.

“ಅಕ್ಷರ ಎಲ್ಲಾ ಉಲ್ಟಾ! ನೆಟ್ಟಗಿದೆ, ಆದ್ರೆ ಬಲದಿಂದ ಎಡಕ್ಕೆ ಇದೆಯಲ್ರೀ!”

“ಮೇಷ್ಟ್ರದ್ರಲ್ಲಿ ಬೆಳಕು ಎರಡು ಸಲ ಕನ್ನಡಿಗೆ ಬಡಿಯುತ್ತೆ,” ಡಾಕ್ಟರಮ್ಮ ಹೇಳಿದರು. “ಒಂದು ತಿರುವಿದ್ದನ್ನ ಇನ್ನೊಂದು ಸರಿ ಮಾಡುತ್ತೆ. ತಲೆಕೆಳಗಾದ್ರೂ ಎಡಗೈ ಎಡಗೈನೇ. ನಂದ್ರಲ್ಲಿ ಈ ಮೊಣಕೈ ಒಳಗೆ ಒಂದೇ ಕನ್ನಡಿ. ನಿಮ್ಮನೆ ಗೋಡೆ ಕನ್ನಡಿ ಇದ್ದ ಹಾಗೆ. ಅದ್ರಲ್ಲಿ ನಿಮ್ಮ ಬಲಗೈ ಯಾವ ಕಡೆ ಇರುತ್ತೆ?”

“ಕ್ಷೌರ ಮಾಡ್ಕೊಳ್ಳೋವಾಗ...” ಇನ್‌ಸ್ಪೆಕ್ಟರು ಗಾಳಿಯಲ್ಲೇ ಕೆನ್ನೆಗೆ ಕತ್ತಿ ಆಡಿಸಿ ನೋಡಿಕೊಂಡರು. “ಹೌದಲ್ಲಾ!”

“ನಮ್ಮ ಮೇಷ್ಟ್ರಿಗೆ ತಲೆಕೆಳಗಾಗಿದ್ದನ್ನ ತಿರುಗಿಸಿ ನೋಡೋದು ರಕ್ತದಲ್ಲೇ ಇದೆ,” ಅಕ್ಕ ಹೇಳಿದಳು. “ನೆಟ್ಟಗೆ ಕಂಡಿದ್ದಕ್ಕೆ ಇದೇ ನಿಜ ಅಂದ್ಕೊಂಡ್ಬಿಟ್ರು. ಲೆನ್ಸಿನಲ್ಲಿ ಯಾವತ್ತಾದ್ರೂ ನೋಡಿದ್ರೆ ತಾನೆ ಗೊತ್ತಾಗೋದು? ತಳ್ಳಿದ್ದು ಬಲಗೈ ಸಾಹೇಬ್ರೇ.”

ಇನ್‌ಸ್ಪೆಕ್ಟರು ಕಾನ್‌ಸ್ಟೇಬಲ್ಲನ ಕಡೆ ಕಣ್ಣು ಹಾಕಿದರು. ಬೇಡಿ ಕಳಚಿದ ಸದ್ದು ಸಣ್ಣದು. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ತಮ್ಮ ಬಂದು ಅವಳ ತಲೆಯ ಮೇಲೆ ಕೈ ಇಟ್ಟ. ಎಡಗೈ.

“ಅಕ್ಕಾ, ಇವತ್ತು ಈ ಕೈಲೇ ಊಟ.”

“ತಿನ್ನು. ಎರಡೂ ಕೈಲಿ ತಿನ್ನು.” ಅವಳ ದನಿಯಲ್ಲಿ ಬೇರೆ ಯಾರ ದನಿಯೂ ಇರಲಿಲ್ಲ.

ಮೇಷ್ಟ್ರನ್ನು ಯಾರೂ ಮಾತಾಡಿಸಲಿಲ್ಲ. ಅವರು ತಮ್ಮ ಖಾಲಿ ಕೊಳವೆಗೆ ಮುಚ್ಚಳ ಹಾಕಲು ಹೋಗಿ, ಯಾಕೆ ಎಂದುಕೊಂಡರೋ ಏನೋ, ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತರು.

ಇನ್‌ಸ್ಪೆಕ್ಟರಿಗೆ ಹೊಸ ಆಟಿಕೆ ಸಿಕ್ಕಿತ್ತು. ಬಿಳಿ ಕೊಳವೆಯನ್ನು ತಾವೇ ತಿರುಗಿಸಿ ಗಾಜಜ್ಜನ ತಾರಸಿಗೆ ಹಿಡಿದರು. “ಭಾವ ಇನ್ನೂ ಕೂತಿದಾರೆ. ಹಾಂ, ಎದ್ರು. ಸಾಕಾಯ್ತು ಅನ್ಸುತ್ತೆ ಪಾಪ. ಎಡಕ್ಕೆ ಹೋಗ್ತಿದಾರೆ. ಥೂ, ಎಡ ಅಲ್ಲ, ಬಲಕ್ಕೆ! ಎಡಕ್ಕಿರೋದು ಬೀದಿಗಿಳಿಯೋ ಕಬ್ಬಿಣದ ಮೆಟ್ಟಿಲು. ಬಲಕ್ಕೆ ಎಲ್ಲಿಗ್ರೀ ದಾರಿ?”

“ಬಲಕ್ಕೆ ನಮ್ಮನೆ ತಾರಸಿ,” ಎಂದ ತಮ್ಮ. “ಮೋಟುಗೋಡೆ ಇದೆ. ಭಾವ ಅದನ್ನ ದಾಟ್ಕೊಂಡೇ ಬರೋದು, ಮೆಟ್ಟಿಲು ಹತ್ತೋ ಸೋಮಾರಿತನಕ್ಕೆ.”

“ಒಂದು ನಿಮಿಷ,” ಎಂದರು ಮೇಷ್ಟ್ರು.

ಅವರು ಇನ್‌ಸ್ಪೆಕ್ಟರನ್ನು ಹೆಚ್ಚು ಕಡಿಮೆ ಪಕ್ಕಕ್ಕೆ ದೂಡಿ, ಊರೆದುರೇ, ಡಾಕ್ಟರಮ್ಮನ ಕೊಳವೆಗೆ ಕಣ್ಣಿಟ್ಟರು. ಹಾಗೆಯೇ ನಿಂತರು. ಬೆನ್ನು ಸಣ್ಣಗೆ ನಡುಗತೊಡಗಿತು. ಅಳುತ್ತಿದ್ದಾರೆಂದು ಅಕ್ಕನಿಗೆ ಅನ್ನಿಸಿತು.

“ಮೊಣಕಾಲಿಗೆ ಕೈ ಊರಿ,” ಎಂದರು ಅವರು, ಕಣ್ಣು ಕೀಳದೆ. “ಒಂದು ಕಾಲೆತ್ತಿ, ಆಮೇಲೆ ಇನ್ನೊಂದು. ಅಜ್ಜನ್ನ ತಳ್ಳಿದವನು ಅವತ್ತೂ ಹೀಗೇ ಹೋದ. ಎಡಕ್ಕೆ ಹೋದ ಅಂದ್ಕೊಂಡೆ. ಮೆಟ್ಟಿಲ ಬಾಯಲ್ಲಿ ಸರಪಳಿ ಇದೆಯಲ್ಲ, ಅದನ್ನ ದಾಟ್ತಿದಾನೆ ಅಂದ್ಕೊಂಡೆ. ಬೂದು ಕೋಟು. ಇದೇ ಬೆನ್ನು. ಇದೇ ನಡಿಗೆ.”

ತಮ್ಮನ ಕೈ ಅಕ್ಕನ ತಲೆಯಿಂದ ಜಾರಿತು.

ಆ ನಡಿಗೆ ಅಕ್ಕನಿಗೆ ಗೊತ್ತಿಲ್ಲದ್ದಲ್ಲ. ನೆಂಟರು ಬಂದಾಗ ಅದನ್ನು ಮಾಡಿ ತೋರಿಸಿ ಅವಳು ಎಷ್ಟು ಮಂದಿಯನ್ನು ನಗಿಸಿರಲಿಲ್ಲ! ಈಗ ಅವಳ ಕೈ ತಾನಾಗಿ ತನ್ನ ಮೊಣಕಾಲಿನ ಮೇಲೆ ಹೋಗಿ ಕೂತಿತ್ತು. ತೆಗೆಯಲು ನೋಡಿದಳು, ಬರಲಿಲ್ಲ.

“ನಿಮ್ಮ ಯಜಮಾನ್ರು ಅವತ್ತು ಸಂಜೆ ಎಲ್ಲಿದ್ರು ಅಕ್ಕಾ?” ಇನ್‌ಸ್ಪೆಕ್ಟರು ಕೇಳಿದರು. ಈ ಸಲ ದನಿಯಲ್ಲಿ ನಿಜವಾಗಿಯೂ ಗೌರವವಿತ್ತು. ಅದೇ ಅವಳನ್ನು ಹೆದರಿಸಿತು.

ಮೇಷ್ಟ್ರು ನೆಟ್ಟಗಾದರು. ಅವರ ಕಣ್ಣಲ್ಲಿ ನೀರಿತ್ತು. ಅಳುವಿನದಲ್ಲ.

“ಬರೀ ಕೈ ತಿರುಗಿಸಿ ಸಾಕು ಅಂದ್ರಲ್ಲ ಅಕ್ಕಾ! ಕನ್ನಡಿ ಅಂದ್ರೆ ಇಡೀ ಚಿತ್ರಾನೇ ತಿರುಗುತ್ತೆ, ತಾಯಿ, ಇಡೀ ಚಿತ್ರ! ನನ್ನ ಕೊಳವೆಗೆ ಕೈ ಹಾಕಿದ್ರಿ, ಎಲ್ಲಿಗೆ ಬಂತು ನೋಡಿ ಬೆರಳು!”

ಅಷ್ಟು ಹೇಳಿ ಅವರು ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕೈಯಲ್ಲಿದ್ದ ಮುಚ್ಚಳ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಸ್ವಲ್ಪ ಹೊತ್ತಿನ ಹಿಂದೆ ಇಡೀ ಸಂಘ ಸೇರಿ ನಕ್ಕದ್ದಕ್ಕಿಂತ ಜೋರಾಗಿ ಆ ಮನುಷ್ಯ ಒಬ್ಬನೇ ನಗುತ್ತಿದ್ದ. ಉಳಿದವರಲ್ಲಿ ಒಬ್ಬರಿಗೂ, ಆ ನಗುವನ್ನು ನಿಲ್ಲಿಸೆಂದು ಹೇಳುವ ಧೈರ್ಯ ಬರಲಿಲ್ಲ.